ಮಗುಚಿದ ಮೇಲೇನು?

ಕಯಾಕ್‌ನ ಚರಿತ್ರೆ ಬರೆಯುವವರು ಸೀಲ್ ಚರ್ಮ, ಮರ, ಫೈಬರ್‌ಗ್ಲಾಸ್, ಪ್ಲಾಸ್ಟಿಕ್ ಎಂದು ದೋಣಿಯನ್ನೇ ಹಿಡಿದು ಹೋಗುತ್ತಾರೆ. ದೋಣಿ ಮಗುಚಿದಾಗ ಒಳಗಿದ್ದವನ ಗತಿಯೇನು ಎಂದು ಕೇಳುತ್ತ ಹೋದರೆ ಕಥೆಯ ದಿಕ್ಕೇ ಬೇರೆ.

ಮೊದಲ ಉತ್ತರ, ನನ್ನ ಮಟ್ಟಿಗೆ ಇಂದಿಗೂ ಚೆಲುವಾದ ಉತ್ತರ, ಗ್ರೀನ್‌ಲ್ಯಾಂಡಿನ ಇನ್ಯುಇಟ್ ಬೇಟೆಗಾರರದು. ಮಂಜುಗಡ್ಡೆ ತೇಲುವ ಆ ಕಡಲಿನಲ್ಲಿ ಈಜು ಬಂದರೂ ಅಷ್ಟೇ, ಬಾರದಿದ್ದರೂ ಅಷ್ಟೇ. ‘ತುಯಿಲಿಕ್’ ಎಂಬ ಚರ್ಮದ ಅಂಗಿ ತೊಟ್ಟು, ಅದರ ಅಂಚನ್ನು ಕೂರುವ ಕಂಡಿಯ ಸುತ್ತ ಬಿಗಿದು, ಮುಖದ ಸುತ್ತಲೂ ಮಣಿಕಟ್ಟಿಗೂ ದಾರ ಎಳೆದು ಕಟ್ಟಿಕೊಳ್ಳುತ್ತಿದ್ದರು. ಮಗುಚಿದರೆ ಹೊರಬೀಳುವ ಮಾತೇ ಇಲ್ಲ. ತಲೆಕೆಳಗಾಗಿದ್ದಂತೆಯೇ ಹುಟ್ಟನ್ನು ನೀರಿನ ಮೇಲ್ಮೈಗುಂಟ ಬೀಸಿ, ಸೊಂಟ ತಿರುವಿ, ಮೈ ಮೇಲೇಳುವುದು. ಹುಟ್ಟು ಕೈತಪ್ಪಿದರೆ ಈಟಿ ಎಸೆಯುವ ಕೋಲಿನಿಂದ, ಅದೂ ಹೋದರೆ ಬರಿಗೈಯಿಂದ ಏಳುವ ಪಟ್ಟುಗಳಿದ್ದವು.

ಯುರೋಪು ದೋಣಿಯನ್ನು ತಂದುಕೊಂಡು ಪಟ್ಟನ್ನು ಅಲ್ಲೇ ಬಿಟ್ಟಿತು. 1865ರಲ್ಲಿ ವಕೀಲ ಜಾನ್ ಮ್ಯಾಕ್‌ಗ್ರೆಗರ್ ‘ರಾಬ್ ರಾಯ್’ ಎಂಬ ಮರದ ದೋಣಿಯಲ್ಲಿ ಅಲ್ಲಿನ ನದಿ, ಸರೋವರ ಸುತ್ತಿ ಬರೆದ ಪುಸ್ತಕ ಹಲವರಿಗೆ ಹುಚ್ಚು ಹಿಡಿಸಿತು. ಮುಂದೆ ರೈಲಿನಲ್ಲಿ ಒಯ್ಯಬಲ್ಲ ಮಡಚು ದೋಣಿಗಳೂ ಬಂದವು. ಯುರೋಪಿಯನ್ನರಲ್ಲಿ ಮಗುಚಿ ಏಳುವುದನ್ನು ಮೊದಲು ಕಲಿತವನೆಂದು ಹೆಸರಾದ ಆಸ್ಟ್ರಿಯಾದ ಎಡಿ ಹಾನ್ಸ್ ಪಾವ್ಲಾಟ ಅದನ್ನು ಸಾಧಿಸಿದ್ದು 1927ರಲ್ಲಿ, ಅದೂ ಧ್ರುವಯಾತ್ರಿಕರ ಬರಹಗಳನ್ನು ಓದಿ!

1936ರಲ್ಲಿ ಕಯಾಕ್‌ನ ಒಲಿಂಪಿಕ್ಸ್ ಪ್ರವೇಶವಾಯಿತು. 1970ರ ದಶಕದ ಪ್ಲಾಸ್ಟಿಕ್ ದೋಣಿ ಬಂಡೆಗೆ ಬಡಿದರೂ ಒಡೆಯಲಿಲ್ಲ. ಜನ ಇನ್ನೂ ಕಡಿದಾದ ಹೊಳೆಗಳಿಗೆ ಇಳಿದರು. ನದಿಯ ರಭಸವನ್ನು ಒಂದರಿಂದ ಆರರವರೆಗೆ ಅಳೆಯುವ ದರ್ಜೆ ಈಗ ಎಲ್ಲೆಡೆ ಬಳಕೆಯಲ್ಲಿದೆ. ಆದರೆ ನೀರು ಏರಿದರೆ ದರ್ಜೆಯೂ ಏರುತ್ತದೆ. ಗಣೇಶಗುಡಿಯಲ್ಲಿ ಕಾಳಿ ನದಿಯ ಆಟ ನಿಂತಿರುವುದು ಸೂಪಾ ಅಣೆಕಟ್ಟಿನಿಂದ ಬಿಡುವ ನೀರಿನ ಮೇಲೆ. ದರ್ಜೆಯ ಲೆಕ್ಕಕ್ಕೆ ಸಿಗದ ಅಪಾಯ ಕಿಂಡಿ ಅಣೆಕಟ್ಟಿನಂಥ ಗಿಡ್ಡ ಒಡ್ಡುಗಳದು. ಮೇಲಿಂದ ನೀರು ಹರಿದಿಳಿಯುವಾಗ ನೋಡಲು ಸೊಗಸು. ಆದರೆ ಬುಡದಲ್ಲಿ ನೀರು ಹಿಂದಕ್ಕೆ ಸುತ್ತಿ, ಲೈಫ್ ಜಾಕೆಟ್ ತೊಟ್ಟವನನ್ನೂ ಮತ್ತೆ ಮತ್ತೆ ಗೋಡೆಗೇ ಎಳೆಯುತ್ತದೆ. ಅಲ್ಲಿ ದೋಣಿಯನ್ನು ಹೊತ್ತು ದಡದ ಮೇಲೆ ನಡೆಯುವುದೇ ಜಾಣತನ.

ಕಾನೂನು ಎಚ್ಚೆತ್ತದ್ದು ಸಾವಿನ ನಂತರ. 1993ರ ಮಾರ್ಚ್ 22ರಂದು ಇಂಗ್ಲೆಂಡಿನ ಲೈಮ್ ಬೇಯಲ್ಲಿ ಶಾಲಾ ತಂಡವೊಂದನ್ನು ದಡದಿಂದ ಬೀಸುವ ಗಾಳಿ ಕಡಲೊಳಕ್ಕೆ ತಳ್ಳಿತು. ಕೂರುವ ಕಂಡಿಯನ್ನು ಮುಚ್ಚುವ ಸ್ಪ್ರೇ ಡೆಕ್ ಇರಲಿಲ್ಲ. ಅಲೆಗಳು ದೋಣಿಗಳನ್ನು ತುಂಬಿದವು. ನಾಲ್ವರು ಮಕ್ಕಳು ಸತ್ತರು. ತುಯಿಲಿಕ್‌ನ ಪಾಠವನ್ನು ಇಷ್ಟು ಬೆಲೆ ತೆತ್ತು ಮತ್ತೆ ಕಲಿಯಬೇಕಾಯಿತು. ಮಕ್ಕಳ ಸಾಹಸ ಕೇಂದ್ರಗಳಿಗೆ ಪರವಾನಗಿ ಕಡ್ಡಾಯ ಮಾಡುವ ಕಾಯಿದೆ ಬ್ರಿಟನ್ನಿನಲ್ಲಿ 1995ರಲ್ಲಿ ಬಂತು.

ನಮ್ಮ ಕರಾವಳಿಯಲ್ಲಿ ಚಳಿ ಕೊಲ್ಲುವುದಿಲ್ಲ, ಸೆಳವು ಕೊಲ್ಲಬಹುದು. ಉಡುಪಿ ಜಿಲ್ಲೆಯ ಸಾಲಿಗ್ರಾಮದ ಬಳಿ ಸೀತಾ ನದಿಯ ಕಾಂಡ್ಲಾ ಗಿಡಗಳ ನಡುವೆ ಹೊಸಬರು ಹಾಯಾಗಿ ಹುಟ್ಟು ಹಾಕಬಹುದು. ಅಳಿವೆ ಹತ್ತಿರವಾದಂತೆ ಮಾತ್ರ ಇಳಿತದ ನೀರು ಕಡಲಿನತ್ತ ಸೆಳೆಯುತ್ತದೆ. ಹೋಗುವಾಗ ನೀರಿಗೆ ಎದುರಾಗಿ, ತೋಳು ಸೋತು ಮರಳುವಾಗ ನೀರಿನ ಜೊತೆ ಬರುವಂತೆ ಹೊತ್ತು ನೋಡಿಕೊಳ್ಳಬೇಕು. ಉಬ್ಬರ ಯಾವಾಗ ಎಂದು ದಡದಲ್ಲಿ ಬಲೆ ಬಿಡಿಸುತ್ತ ಕುಳಿತವರನ್ನು ಕೇಳಿದರೆ ಹೇಳುತ್ತಾರೆ.