ಅಳತೆಯೊಳಗೆ ಬಾರದ ಸಾಲ: ಬಾಂಡ್ ಸೂಚ್ಯಂಕಗಳ ಬಗ್ಗೆ ಚೇಕಾಡಿಯ ಕಡೆಯಿಂದ ಕೆಲವು ಟಿಪ್ಪಣಿಗಳು

ವಯನಾಡು ಜಿಲ್ಲೆಯ ಪುಲ್ಪಳ್ಳಿ ಪಂಚಾಯಿತಿಗೆ ಸೇರಿದ ಚೇಕಾಡಿ ಕಾಡಿನಂಚಿನ ಭತ್ತದ ಊರು. ಗಂಧಕಸಾಲೆ ಎಂಬ ಪರಿಮಳದ ಅಕ್ಕಿಗೆ ಹೆಸರಾದದ್ದು. ಪಕ್ಕದಲ್ಲೇ ಹರಿಯುವ ಕಬಿನಿ ಮುಂದೆ ಬೈರಕುಪ್ಪೆಯ ಕಡೆಯಿಂದ ಕರ್ನಾಟಕಕ್ಕೆ ಬಂದು ಬೀಚನಹಳ್ಳಿಯ ಅಣೆಕಟ್ಟೆಯನ್ನು ಸೇರುತ್ತದೆ. ಬಾಂಡ್ ಮಾರುಕಟ್ಟೆಯ ಚರ್ಚೆಗೆ ಇಂಥ ಊರು ಹೊರಗಿನದೆಂದು ತೋರಬಹುದು. ಆದರೆ ಕೇರಳ, ಕರ್ನಾಟಕ ಎರಡೂ ಸರ್ಕಾರಗಳ ಸಾಲದ ಫಲ, ಸಹಕಾರಿ ಸಾಲದ ಎರಡು ಬೇರೆ ವ್ಯವಸ್ಥೆಗಳು ಇಲ್ಲಿಂದ ಒಟ್ಟಿಗೆ ಕಾಣುತ್ತವೆ. ಸೂಚ್ಯಂಕ ಯಾವ ಸಾಲವನ್ನು ಎಣಿಸುತ್ತದೆ, ಯಾವುದನ್ನು ಬಿಡುತ್ತದೆ ಎಂದು ಕೇಳಲು ಮುಂಬಯಿಗಿಂತ ಈ ಗಡಿಯೇ ಒಳ್ಳೆಯ ಜಾಗ. ‘ವಿಶಾಲ’ ಎನ್ನಿಸಿಕೊಂಡ ಬಾಂಡ್ ಸೂಚ್ಯಂಕದ ಆಕಾರವನ್ನು ತೀರ್ಮಾನಿಸುವುದು ಸಾಲ ಎತ್ತುವವರ ಅನುಕೂಲವೇ ಹೊರತು ಉಳಿತಾಯ ಮಾಡುವವರ ಅಗತ್ಯವಲ್ಲ ಎಂಬುದು ಈ ಲೇಖನದ ವಾದ.

ಷೇರು ಸೂಚ್ಯಂಕ ಓದುಗರಿಗೆ ಗೊತ್ತಿರುವುದೇ. ದೊಡ್ಡ ಕಂಪನಿಗೆ ಹೆಚ್ಚು ತೂಕ, ಚಿಕ್ಕದಕ್ಕೆ ಕಡಿಮೆ. ಬಾಂಡ್ ಸೂಚ್ಯಂಕವೂ ಮಾರುಕಟ್ಟೆ ಮೌಲ್ಯದ ಮೇಲೆಯೇ ತೂಕ ಹಾಕುತ್ತದೆ. ಆದರೆ ಇಲ್ಲಿ ದೊಡ್ಡವನೆಂದರೆ ಹೆಚ್ಚು ಸಾಲ ಮಾಡಿದವನು. ಇನ್ನೊಂದು ವ್ಯತ್ಯಾಸವೂ ಇದೆ. ಷೇರಿಗೆ ಕೊನೆಯ ದಿನವೆಂಬುದಿಲ್ಲ, ಬಾಂಡಿಗೆ ಇದೆ. ಹಳೆಯವು ತೀರುತ್ತ ಹೋಗುತ್ತವೆ, ಹೊಸವು ಬರುತ್ತವೆ, ಹಾಗಾಗಿ ಪಟ್ಟಿಯನ್ನು ಸಾಮಾನ್ಯವಾಗಿ ತಿಂಗಳಿಗೊಮ್ಮೆ ತಿದ್ದಬೇಕಾಗುತ್ತದೆ. ಬಂದ ಬಡ್ಡಿಯನ್ನು ಮತ್ತೆ ಹೂಡಿದಂತೆ ಲೆಕ್ಕ ಹಿಡಿದು ಒಟ್ಟು ಪ್ರತಿಫಲವನ್ನು ಕಟ್ಟುತ್ತಾರೆ.

ಈ ಪದ್ಧತಿಯ ಬೇರು ಅಮೆರಿಕದಲ್ಲಿದೆ. 1973ರಲ್ಲಿ ನ್ಯೂಯಾರ್ಕಿನ ಕೂನ್ ಲೋಬ್ ಸಂಸ್ಥೆ ಸರ್ಕಾರಿ ಮತ್ತು ಕಂಪನಿ ಬಾಂಡುಗಳ ಸೂಚ್ಯಂಕಗಳನ್ನು ಆರಂಭಿಸಿತು. ಅವು ಲೇಮನ್ ಬ್ರದರ್ಸ್ ಕೈಗೆ ಬಂದು, 1986ರಲ್ಲಿ ‘ಅಗ್ರಿಗೇಟ್’ ಸೂಚ್ಯಂಕ ರೂಪುಗೊಂಡಿತು. ಅದೇ ವರ್ಷದ ಕೊನೆಗೆ ವ್ಯಾನ್‌ಗಾರ್ಡ್ ಸಂಸ್ಥೆ ಇಡೀ ಬಾಂಡ್ ಮಾರುಕಟ್ಟೆಯನ್ನು ಅನುಸರಿಸುವ ಫಂಡನ್ನು ಸಾಮಾನ್ಯರಿಗೆ ತೆರೆಯಿತು. 2008ರಲ್ಲಿ ಲೇಮನ್ ದಿವಾಳಿಯಾಯಿತು, ಸೂಚ್ಯಂಕ ಬದುಕಿತು. ಬಾರ್ಕ್ಲೇಸ್ ಹೆಸರು ಹೊತ್ತು, 2016ರಲ್ಲಿ ಬ್ಲೂಮ್‌ಬರ್ಗ್ ಪಾಲಾಯಿತು. ಸಾಲ ತೀರಿಸಲಾರದೆ ಮುಳುಗಿದ ಸಂಸ್ಥೆಯ ಅಳತೆಗೋಲಿನಿಂದ ಲೋಕ ಇಂದಿಗೂ ಸಾಲವನ್ನು ಅಳೆಯುತ್ತಿದೆ ಎಂಬುದು ಅರ್ಥಶಾಸ್ತ್ರದ ಇತಿಹಾಸದ ಸಣ್ಣ ವ್ಯಂಗ್ಯ.

ಅಮೆರಿಕದ ಅಗ್ರಿಗೇಟ್ ಪಟ್ಟಿಯಲ್ಲಿ ಹತ್ತು ಸಾವಿರಕ್ಕೂ ಮೀರಿದ ಬಾಂಡುಗಳಿವೆ. ಅವುಗಳಲ್ಲಿ ಬಹುಪಾಲು ದಿನನಿತ್ಯ ಕೈಬದಲಾಗುವುದಿಲ್ಲ. ಆದ್ದರಿಂದ ಫಂಡಿನವರು ಎಲ್ಲವನ್ನೂ ಕೊಳ್ಳುವ ಹಟಕ್ಕೆ ಬೀಳದೆ ಅವಧಿ, ಸಾಲದ ದರ್ಜೆ, ವಲಯ ಸರಿಹೊಂದುವ ಮಾದರಿಯೊಂದನ್ನು ಆರಿಸಿಕೊಳ್ಳುತ್ತಾರೆ. ಅನ್ನ ಬೆಂದಿತೇ ಎಂದು ನೋಡಲು ನಾಲ್ಕು ಅಗುಳು ಸಾಕು ಎಂಬ ಲೆಕ್ಕ. ಫಂಡಿನ ಗಳಿಕೆಗೂ ಸೂಚ್ಯಂಕದ ಗಳಿಕೆಗೂ ಬೀಳುವ ಅಂತರಕ್ಕೆ ನಿರ್ವಹಣಾ ವೆಚ್ಚದ ಜೊತೆಗೆ ಇದೂ ಒಂದು ಕಾರಣ. ವ್ಯಾಪಾರವೇ ಆಗದ ಬಾಂಡಿಗೆ ಬೆಲೆ ಕಟ್ಟುವುದು ಇನ್ನೊಂದು ತೊಡಕು. ಭಾರತದಲ್ಲಿ ಮ್ಯೂಚುವಲ್ ಫಂಡುಗಳು ಕ್ರಿಸಿಲ್, ಇಕ್ರಾ ಸಂಸ್ಥೆಗಳು ಕೊಡುವ ಮೌಲ್ಯಗಳನ್ನು ಆಧರಿಸುತ್ತವೆ. ಎಂದರೆ ಸೂಚ್ಯಂಕದ ಅಂಕಿಯಲ್ಲಿ ಸ್ವಲ್ಪ ಭಾಗ ನಡೆದ ವ್ಯಾಪಾರ, ಹೆಚ್ಚಿನ ಭಾಗ ಅಂದಾಜು.

ಹೆಚ್ಚು ಸಾಲಗಾರನಿಗೆ ಹೆಚ್ಚು ತೂಕವೆಂಬುದೇ ಈ ಸೂಚ್ಯಂಕಗಳ ಮೇಲಿನ ಹಳೆಯ ಆಕ್ಷೇಪ. ರೂಪಾಯಿಯಲ್ಲೇ ಸಾಲ ಮಾಡುವ ಕೇಂದ್ರ ಸರ್ಕಾರದ ಮಟ್ಟಿಗೆ ಈ ಆಕ್ಷೇಪದಲ್ಲಿ ಹೆಚ್ಚು ಹುರುಳಿಲ್ಲವೆಂದೇ ನನ್ನ ಅಭಿಪ್ರಾಯ. ನಿಜವಾದ ತೊಂದರೆ ಅವಧಿಯದು. ವರ್ಷಕ್ಕೆ ಶೇ. 7ರ ಬಡ್ಡಿಯನ್ನು ಅರ್ಧ ವರ್ಷಕ್ಕೊಮ್ಮೆ ಕೊಡುವ ನೂರು ರೂಪಾಯಿಯ ಬಾಂಡನ್ನು ತೆಗೆದುಕೊಳ್ಳಿ. ಮಾರುಕಟ್ಟೆಯ ಇಳುವರಿ ಶೇ. 8ಕ್ಕೆ ಏರಿದರೆ 3 ವರ್ಷದ ಬಾಂಡಿನ ಬೆಲೆ 97 ರೂಪಾಯಿ 38 ಪೈಸೆಗೆ ಇಳಿಯುತ್ತದೆ, 10 ವರ್ಷದ್ದು 93 ರೂಪಾಯಿ 20 ಪೈಸೆಗೆ, 40 ವರ್ಷದ್ದು ಸುಮಾರು 88 ರೂಪಾಯಿಗೆ. ಸಾಲ ಕೊಟ್ಟವನು, ಪಡೆದವನು, ಬಡ್ಡಿ ಯಾವುದೂ ಬದಲಾಗಿಲ್ಲ. ಕಾಯಬೇಕಾದ ಕಾಲವಷ್ಟೇ ಬೇರೆ. ಈ ಕಾಲವನ್ನು ಆರಿಸುವವನು ಸಾಲಗಾರ. ಭಾರತ ಸರ್ಕಾರ 2023ರ ನವೆಂಬರಿನಲ್ಲಿ ಮೊದಲ ಬಾರಿಗೆ 50 ವರ್ಷದ ಸಾಲಪತ್ರವನ್ನು ಹರಾಜಿಗಿಟ್ಟಿತು. ಜೀವವಿಮಾ ಕಂಪನಿಗಳಿಗೆ, ಪಿಂಚಣಿ ನಿಧಿಗಳಿಗೆ ಅದು ಬೇಕಾದ ಸರಕು. ಆದರೆ ಎಲ್ಲ ಅವಧಿಗಳನ್ನೂ ಒಳಗೊಳ್ಳುವ ಸೂಚ್ಯಂಕವನ್ನು ಕಣ್ಣುಮುಚ್ಚಿ ಅನುಸರಿಸುವ ಫಂಡಿನಲ್ಲಿ, ಐದು ವರ್ಷದಲ್ಲಿ ಮಗಳ ಓದಿಗೆ ಹಣ ಬೇಕಾದವನೂ ಆ ದೀರ್ಘ ಸಾಲದಲ್ಲಿ ಪಾಲುದಾರನಾಗುತ್ತಾನೆ.

ಇಲ್ಲಿನ ಫಂಡ್ ಸಂಸ್ಥೆಗಳು ಅಮೆರಿಕದ ದಾರಿ ಬಿಟ್ಟು ಬೇರೆ ದಾರಿ ಹಿಡಿದದ್ದು ಬಹುಶಃ ಇದರಿಂದಲೇ. 2019ರ ಡಿಸೆಂಬರಿನಲ್ಲಿ ಬಂದ ಭಾರತ್ ಬಾಂಡ್ ಇಟಿಎಫ್ ಸಾರ್ವಜನಿಕ ವಲಯದ ಎಎಎ ದರ್ಜೆಯ ಬಾಂಡುಗಳದ್ದು. ಎಡೆಲ್‌ವೈಸ್ ಸಂಸ್ಥೆ ನಡೆಸುವ ಈ ಫಂಡಿನ ಮೊದಲ ಎರಡು ಕಂತುಗಳಿಗೆ ಕೊನೆಯ ತಿಂಗಳು ಮೊದಲೇ ನಿಗದಿಯಾಗಿತ್ತು: 2023ರ ಏಪ್ರಿಲ್ ಮತ್ತು 2030ರ ಏಪ್ರಿಲ್. ಹಿಂದಿನ ತಿಂಗಳಷ್ಟೇ ಸೆಬಿ ಇಂಥ ಸೂಚ್ಯಂಕಗಳಿಗೆ ನಿಯಮ ಮಾಡಿತ್ತು: ಬಾಂಡ್ ಹೊರಡಿಸಿದ ಕನಿಷ್ಠ 8 ಸಂಸ್ಥೆಗಳಿರಬೇಕು, ಒಂದರ ಪಾಲು ಶೇ. 15 ಮೀರಬಾರದು. ಹೆಚ್ಚು ಸಾಲಕ್ಕೆ ಹೆಚ್ಚು ತೂಕವೆಂಬ ತತ್ವಕ್ಕೆ ಕಾನೂನೇ ಇಲ್ಲಿ ಬೇಲಿ ಹಾಕಿತು. 2023ರ ಕಂತು ಹೇಳಿದ ತಿಂಗಳಲ್ಲಿ ಮುಗಿದು ಹಣ ಹಿಂದಿರುಗಿತು. ಆದರೆ ಅದೇ ಏಪ್ರಿಲ್ 1ರಿಂದ ಮಾಡಿದ ಹೊಸ ಹೂಡಿಕೆಯ ಲಾಭಕ್ಕೆ ದೀರ್ಘಾವಧಿಯ ತೆರಿಗೆ ರಿಯಾಯಿತಿ ಇಲ್ಲವಾಯಿತು; ಈ ಫಂಡುಗಳ ಆಕರ್ಷಣೆ ಅಷ್ಟರಮಟ್ಟಿಗೆ ಕುಗ್ಗಿತು.

ಈಗ ಚೇಕಾಡಿಯ ಗದ್ದೆಗೆ ಬರೋಣ. ಭತ್ತದ ಬೆಳೆಸಾಲ ಯಾವ ಸೂಚ್ಯಂಕದಲ್ಲೂ ಇಲ್ಲ. ಅದು ಬಾಂಡೇ ಅಲ್ಲ. ಕೇರಳದಲ್ಲಿ ಪ್ರಾಥಮಿಕ ಸಹಕಾರಿ ಬ್ಯಾಂಕಿನ ಮೇಲೆ ನೇರವಾಗಿ ಕೇರಳ ಬ್ಯಾಂಕಿದೆ; 2019ರ ನವೆಂಬರಿನಲ್ಲಿ 13 ಜಿಲ್ಲಾ ಸಹಕಾರಿ ಬ್ಯಾಂಕುಗಳನ್ನು ರಾಜ್ಯ ಸಹಕಾರಿ ಬ್ಯಾಂಕಿನಲ್ಲಿ ಸೇರಿಸಿ ಅದನ್ನು ಕಟ್ಟಲಾಯಿತು. ಗಡಿಯ ಈಚೆ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ವ್ಯವಸಾಯ ಸೇವಾ ಸಹಕಾರ ಸಂಘ, ಡಿಸಿಸಿ ಬ್ಯಾಂಕ್, ಅಪೆಕ್ಸ್ ಬ್ಯಾಂಕ್ ಎಂಬ ಮೂರು ಮೆಟ್ಟಿಲು ಹಾಗೆಯೇ ಉಳಿದಿವೆ. ಎರಡೂ ಕಡೆ ಮೇಲಿನ ತುದಿಯಲ್ಲಿರುವುದು 1982ರಲ್ಲಿ ಹುಟ್ಟಿದ ನಬಾರ್ಡ್. ಬಾಂಡ್ ಮಾರುಕಟ್ಟೆ ಗದ್ದೆಗೆ ತಾಗುವುದು ಇಲ್ಲೇ. ನಬಾರ್ಡ್ ಮಾರುಕಟ್ಟೆಯಲ್ಲಿ ಬಾಂಡ್ ಮಾರಿ ಹಣ ಎತ್ತುತ್ತದೆ, ಆ ಬಾಂಡುಗಳು ಸಾರ್ವಜನಿಕ ವಲಯದ ಸೂಚ್ಯಂಕಗಳಲ್ಲಿ ಪರಿಚಿತ ಹೆಸರು. ಹಾಗೆಂದು ಬೆಂಗಳೂರಿನ ಹೂಡಿಕೆದಾರನ ರೂಪಾಯಿ ನೇರವಾಗಿ ಗಂಧಕಸಾಲೆಯ ಗದ್ದೆಗೆ ಹರಿಯಿತೆಂದರೆ ಅದು ಜಾಹೀರಾತಿನ ಮಾತಾಗುತ್ತದೆ. ಆದ್ಯತಾ ವಲಯದ ಗುರಿ ಮುಟ್ಟದ ವಾಣಿಜ್ಯ ಬ್ಯಾಂಕುಗಳು ಇಡಬೇಕಾದ ಠೇವಣಿಯೂ ನಬಾರ್ಡಿಗೆ ಬರುತ್ತದೆ. ಅಲ್ಪಾವಧಿ ಸಹಕಾರಿ ಸಾಲಕ್ಕೆ ಒದಗುವ ನಿಧಿಯಲ್ಲಿ ಆ ಠೇವಣಿಯ ಪಾತ್ರ ದೊಡ್ಡದು. ಮೇಲಾಗಿ ರೈತ ಕೊಡುವ ಬಡ್ಡಿಯನ್ನು ನಿರ್ಧರಿಸುವುದು ಮಾರುಕಟ್ಟೆಯಲ್ಲ. ಕಿಸಾನ್ ಕ್ರೆಡಿಟ್ ಕಾರ್ಡಿನ ಅಲ್ಪಾವಧಿ ಸಾಲಕ್ಕೆ ಶೇ. 7, ಸಕಾಲಕ್ಕೆ ಕಟ್ಟಿದರೆ ಶೇ. 4, ಕರ್ನಾಟಕದ ಸಹಕಾರ ಸಂಘಗಳಲ್ಲಿ 5 ಲಕ್ಷದವರೆಗೆ ಬಡ್ಡಿಯೇ ಇಲ್ಲ. ಸೂಚ್ಯಂಕ ಏರಿಳಿದರೂ ಈ ದರ ಅಲುಗುವುದಿಲ್ಲ. ಅಲುಗದಂತೆ ಹಿಡಿದಿಡುವ ಖರ್ಚು ಸರ್ಕಾರದ ಮೇಲೆ ಬೀಳುತ್ತದೆ, ಸರ್ಕಾರ ಅದಕ್ಕಾಗಿ ಮತ್ತೆ ಬಾಂಡ್ ಮಾರುಕಟ್ಟೆಗೇ ಹೋಗುತ್ತದೆ.

ರಾಜ್ಯಗಳ ಸಾಲಪತ್ರಗಳ ಕಥೆ ಇನ್ನೂ ಸ್ವಾರಸ್ಯದ್ದು. ಸಾಮಾನ್ಯವಾಗಿ ಮಂಗಳವಾರಗಳಂದು ರಿಸರ್ವ್ ಬ್ಯಾಂಕ್ ಇವನ್ನು ಹರಾಜು ಹಾಕುತ್ತದೆ. ಕೇರಳದ ಹಣಕಾಸು ಬಿಗಿ ಎಲ್ಲರಿಗೂ ಗೊತ್ತಿರುವ ಸಂಗತಿ. ಸಂವಿಧಾನದ 293ನೇ ವಿಧಿಯಡಿ ಕೇಂದ್ರ ಹಾಕಿದ ಸಾಲಮಿತಿಯ ವಿರುದ್ಧ ಅದು 2023ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. 2024ರ ಏಪ್ರಿಲ್ 1ರಂದು ನ್ಯಾಯಾಲಯ ಮಧ್ಯಂತರ ಪರಿಹಾರ ನಿರಾಕರಿಸಿ ಪ್ರಶ್ನೆಯನ್ನು ಸಂವಿಧಾನ ಪೀಠಕ್ಕೆ ಒಪ್ಪಿಸಿತು. ಇಷ್ಟಾದರೂ ಒಂದೇ ಅವಧಿಯ ಕೇರಳ, ಕರ್ನಾಟಕ ಸಾಲಪತ್ರಗಳ ಇಳುವರಿಯಲ್ಲಿ ಕಾಣುವ ಅಂತರ ತೀರಾ ಸಣ್ಣದು. ರಿಸರ್ವ್ ಬ್ಯಾಂಕೇ ಸಾಲದ ವ್ಯವಸ್ಥಾಪಕ. ಬ್ಯಾಂಕುಗಳು ಶಾಸನಬದ್ಧವಾಗಿ ಇಡಬೇಕಾದ ಪತ್ರಗಳಲ್ಲಿ ಇವೂ ಸಲ್ಲುತ್ತವೆ. ಕೇಂದ್ರ ಕೈಬಿಡದು ಎಂಬ ನಂಬಿಕೆ ಬೇರೆ. ರಾಜ್ಯ ಸಾಲಪತ್ರಗಳ ಸೂಚ್ಯಂಕ ಈ ನಂಬಿಕೆಯನ್ನು ಅಳೆಯುತ್ತದೆ, ರಾಜ್ಯದ ಬೊಕ್ಕಸವನ್ನಲ್ಲ. ನಂಬಿಕೆಯ ನೆರಳಿಲ್ಲದ ಕಡೆ ದರ ಹೇಗಿರುತ್ತದೆಂಬುದಕ್ಕೆ ಒಂದು ಉದಾಹರಣೆಯಿದೆ: ಕೇರಳದ ಮೂಲಸೌಕರ್ಯ ಹೂಡಿಕೆ ನಿಧಿ ಮಂಡಳಿ, ಅಂದರೆ ಕಿಫ್ಬಿ, 2019ರಲ್ಲಿ ಲಂಡನ್ ಷೇರುಪೇಟೆಯಲ್ಲಿ ಮಸಾಲಾ ಬಾಂಡ್, ಅಂದರೆ ವಿದೇಶದಲ್ಲಿ ರೂಪಾಯಿ ಲೆಕ್ಕದಲ್ಲೇ ಹೊರಡಿಸುವ ಬಾಂಡ್, ಮೂಲಕ 2,150 ಕೋಟಿ ರೂಪಾಯಿ ಎತ್ತಿದಾಗ ಕೊಟ್ಟ ಬಡ್ಡಿ ಶೇ. 9.723.

ಜೆ.ಪಿ. ಮಾರ್ಗನ್ ತನ್ನ ಉದಯೋನ್ಮುಖ ದೇಶಗಳ ಬಾಂಡ್ ಸೂಚ್ಯಂಕಕ್ಕೆ 2024ರ ಜೂನ್ 28ರಿಂದ ಭಾರತವನ್ನು ಸೇರಿಸಿ, ತಿಂಗಳಿಗೆ ಶೇ. 1ರಂತೆ ಶೇ. 10ರವರೆಗೆ ತೂಕ ಏರಿಸಿತು. ಆದರೆ ಅಲ್ಲಿಗೆ ರಾಜ್ಯಗಳ ಪತ್ರಗಳಿಗೆ ಪ್ರವೇಶವಿಲ್ಲ; ವಿದೇಶಿಯರಿಗೆ ಮಿತಿಯಿಲ್ಲದೆ ತೆರೆದಿರುವ ಕೇಂದ್ರದ ಪತ್ರಗಳಷ್ಟೇ ಸಲ್ಲುತ್ತವೆ.

ಪುಲ್ಪಳ್ಳಿಯಲ್ಲೋ ಎಚ್.ಡಿ. ಕೋಟೆಯಲ್ಲೋ ಉಳಿತಾಯ ಮಾಡುವವರಿಗೆ ಬೇರೆ ಬಾಗಿಲೂ ಇದೆ. ರಿಸರ್ವ್ ಬ್ಯಾಂಕಿನ ರಿಟೇಲ್ ಡೈರೆಕ್ಟ್ ಯೋಜನೆಯಲ್ಲಿ 2021ರ ನವೆಂಬರಿನಿಂದ ಯಾರೇ ಆಗಲಿ 10,000 ರೂಪಾಯಿಗೆ ರಾಜ್ಯದ ಸಾಲಪತ್ರವನ್ನು ನೇರವಾಗಿ ಕೊಳ್ಳಬಹುದು. ಹಣ ಬೇಕಾಗುವ ವರ್ಷಕ್ಕೆ ಹೊಂದುವ ಪತ್ರವನ್ನೋ ಅದೇ ವರ್ಷಕ್ಕೆ ಮುಗಿಯುವ ಫಂಡನ್ನೋ ಹಿಡಿದವರಿಗೆ ವಿಶಾಲ ಸೂಚ್ಯಂಕದಿಂದ ಹೆಚ್ಚಿನ ಪ್ರಯೋಜನವಿಲ್ಲ ಎಂಬುದು ನನ್ನ ತೀರ್ಮಾನ. ಹರಾಜಿನ ಫಲಿತಾಂಶಗಳನ್ನು ರಿಸರ್ವ್ ಬ್ಯಾಂಕ್ ರಾಜ್ಯವಾರು, ಅವಧಿವಾರು ಪ್ರಕಟಿಸುತ್ತದೆ. ಅವನ್ನು ಎರಡೂ ರಾಜ್ಯಗಳ ಬಜೆಟ್ ಪುಸ್ತಕಗಳ ಪಕ್ಕದಲ್ಲಿಟ್ಟು ಓದುವ ಕೆಲಸವನ್ನು ಮೈಸೂರು, ಧಾರವಾಡದ ಅರ್ಥಶಾಸ್ತ್ರ ವಿಭಾಗಗಳ ಯುವ ಸಂಶೋಧಕರು ಕನ್ನಡದಲ್ಲಿ ಕೈಗೆತ್ತಿಕೊಳ್ಳಬೇಕು.