ಸಣ್ಣ ದೂರದರ್ಶಕಕ್ಕೆ ಮೊದಲು ಬೇಕಾದುದೇನು?

ಹವ್ಯಾಸಿ ಖಗೋಳ ವೀಕ್ಷಣೆಗೆ ತೊಡಗುವವರ ಕೈಗೆ ಮೊದಲು ಬರುವುದು ಸಾಮಾನ್ಯವಾಗಿ 70 ಮಿ.ಮೀ. ಮಸೂರದ ಅಥವಾ 76 ಮಿ.ಮೀ. ದರ್ಪಣದ ಪುಟ್ಟ ದೂರದರ್ಶಕ. ಎರಡು ಬಗೆಗಳಲ್ಲೂ 700 ಮಿ.ಮೀ. ಸಂಗಮ ದೂರದ ಮಾದರಿಗಳೇ ಹೆಚ್ಚು ಪ್ರಚಲಿತ. ಚಂದ್ರನ ಕುಳಿಗಳು, ಗುರುವಿನ ನಾಲ್ಕು ದೊಡ್ಡ ಉಪಗ್ರಹಗಳು, ಶನಿಯ ಉಂಗುರ ಇವೆಲ್ಲವೂ ಇಂತಹ ಉಪಕರಣಕ್ಕೆ ನಿಲುಕುತ್ತವೆ. ಆದರೂ ಕೊಂಡ ಕೆಲವೇ ವಾರಗಳಲ್ಲಿ ಅನೇಕ ದೂರದರ್ಶಕಗಳು ಅಟ್ಟ ಸೇರುತ್ತವೆ. ಇದಕ್ಕೆ ಕಾರಣ ಹಲವು ವೇಳೆ ಮುಖ್ಯ ಮಸೂರವಲ್ಲ, ಅದರೊಂದಿಗೆ ಬಂದ ಅಗ್ಗದ ಬಿಡಿಭಾಗಗಳು. ಯಾವುದನ್ನು ಬದಲಿಸಬೇಕು, ಯಾವುದಕ್ಕೆ ಹಣ ಸುರಿಯಬಾರದು ಎಂಬುದನ್ನು ಅರಿತರೆ ಹೊಸ ದೂರದರ್ಶಕ ಕೊಳ್ಳುವ ಅಗತ್ಯವೇ ಬಾರದಿರಬಹುದು.

ವರ್ಧನೆಯ ಲೆಕ್ಕ

ದೂರದರ್ಶಕದ ಸಂಗಮ ದೂರವನ್ನು ನೇತ್ರಕದ (ಐಪೀಸ್) ಸಂಗಮ ದೂರದಿಂದ ಭಾಗಿಸಿದರೆ ವರ್ಧನೆ ದೊರೆಯುತ್ತದೆ. 700 ಮಿ.ಮೀ. ದೂರದರ್ಶಕಕ್ಕೆ 25 ಮಿ.ಮೀ. ನೇತ್ರಕ ಜೋಡಿಸಿದರೆ 28 ಪಟ್ಟು, 10 ಮಿ.ಮೀ. ನೇತ್ರಕಕ್ಕೆ 70 ಪಟ್ಟು. 4 ಮಿ.ಮೀ. ನೇತ್ರಕದ ಜೊತೆಗೆ ಮೂರು ಪಟ್ಟಿನ ಬಾರ್ಲೋ ಮಸೂರ ಸೇರಿಸಿದರೆ ಲೆಕ್ಕದಲ್ಲಿ 525 ಪಟ್ಟಾಗುತ್ತದೆ. ಪೆಟ್ಟಿಗೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ ಮುದ್ರಿತವಾಗುವುದು ಇಂತಹ ಸಂಖ್ಯೆಯೇ.

ಆದರೆ ಉಪಯುಕ್ತ ವರ್ಧನೆಗೆ ಮಿತಿಯಿದೆ. ಮುಖ್ಯ ಮಸೂರದ ಅಥವಾ ದರ್ಪಣದ ವ್ಯಾಸವನ್ನು ಮಿಲಿಮೀಟರುಗಳಲ್ಲಿ ಅಳೆದು ಎರಡರಿಂದ ಗುಣಿಸಿದರೆ ಸಿಗುವ ಸಂಖ್ಯೆಯೇ ಸ್ಥೂಲವಾಗಿ ಆ ಮಿತಿ. 70 ಮಿ.ಮೀ.ಗೆ ಅದು 140 ಪಟ್ಟು. ಅದನ್ನು ಮೀರಿದರೆ ಬಿಂಬ ದೊಡ್ಡದಾಗುತ್ತದೆಯೇ ಹೊರತು ಹೊಸ ವಿವರ ಕಾಣುವುದಿಲ್ಲ. ಮಸುಕು ಮತ್ತು ಕತ್ತಲೆ ಮಾತ್ರ ಹೆಚ್ಚುತ್ತವೆ. ಜೊತೆಗೆ, ಭೂಮಿಯ ಭ್ರಮಣದಿಂದ ಆಕಾಶಕಾಯಗಳು ಗಂಟೆಗೆ ಸುಮಾರು 15 ಡಿಗ್ರಿ ಸರಿಯುವುದರಿಂದ, 175 ಪಟ್ಟು ವರ್ಧನೆಯಲ್ಲಿ ಗ್ರಹವೊಂದು ಸುಮಾರು ಒಂದು ನಿಮಿಷದಲ್ಲಿ ನೋಟದಿಂದ ಜಾರಿಹೋಗುತ್ತದೆ.

ಮೊದಲ ಬದಲಾವಣೆ: ನೇತ್ರಕ

ಅಗ್ಗದ ದೂರದರ್ಶಕಗಳೊಂದಿಗೆ ಬರುವ, 'ಎಚ್' ಅಥವಾ 'ಎಸ್‌ಆರ್' ಎಂದು ಗುರುತಿಸಿದ ನೇತ್ರಕಗಳು ಹೈಗನ್ಸ್ ಮತ್ತು ರಾಮ್ಸ್‌ಡನ್ ಎಂಬ ಹಳೆಯ ವಿನ್ಯಾಸಗಳವು. ಇವುಗಳ ನೋಟ ಕಿರಿದು. ವಿಯೆನ್ನಾದ ಮಸೂರ ತಯಾರಕ ಜಾರ್ಜ್ ಸೈಮನ್ ಪ್ಲೋಸಲ್ 1860ರಲ್ಲಿ ರೂಪಿಸಿದ, ನಾಲ್ಕು ಮಸೂರಗಳ ಪ್ಲೋಸಲ್ ನೇತ್ರಕ ಸುಮಾರು 50 ಡಿಗ್ರಿಗಳ ಸ್ಪಷ್ಟ ನೋಟ ನೀಡುತ್ತದೆ. ಮಿತ ಬೆಲೆಯಲ್ಲಿ ಇಂದಿಗೂ ಇದೇ ಉತ್ತಮ ಆಯ್ಕೆ. 25 ಮಿ.ಮೀ. ಪ್ಲೋಸಲ್‌ನಲ್ಲಿ ಕೃತ್ತಿಕಾ ನಕ್ಷತ್ರಪುಂಜದ ಪ್ರಮುಖ ತಾರೆಗಳೆಲ್ಲ ಒಂದೇ ನೋಟಕ್ಕೆ ಸಿಗುತ್ತವೆ.

25 ಮತ್ತು 10 ಮಿ.ಮೀ.ನ ಎರಡು ನೇತ್ರಕಗಳಿಗೆ ಎರಡು ಪಟ್ಟಿನ ಉತ್ತಮ ಬಾರ್ಲೋ ಮಸೂರ ಸೇರಿದರೆ 28, 56, 70 ಮತ್ತು 140 ಎಂಬ ನಾಲ್ಕು ವರ್ಧನೆಗಳು ಲಭ್ಯ. ಇಂಗ್ಲೆಂಡಿನ ಗಣಿತಜ್ಞ ಪೀಟರ್ ಬಾರ್ಲೋ (1776-1862) ಹೆಸರಿನ ಈ ಮಸೂರದಿಂದ ಮತ್ತೊಂದು ಲಾಭವೂ ಇದೆ. ತೀರ ಕಡಿಮೆ ಸಂಗಮ ದೂರದ ಪ್ಲೋಸಲ್‌ಗೆ ಕಣ್ಣನ್ನು ಒತ್ತಿ ಹಿಡಿಯಬೇಕಾಗುತ್ತದೆ. ಬಾರ್ಲೋ ಬಳಸಿದರೆ ಆ ತೊಂದರೆಯಿಲ್ಲದೆ ಹೆಚ್ಚಿನ ವರ್ಧನೆ ಪಡೆಯಬಹುದು.

ಕೊಳ್ಳುವ ಮುನ್ನ ನೇತ್ರಕ ಕೂರುವ ಕೊಳವೆಯ ವ್ಯಾಸ ಅಳೆಯುವುದು ಅಗತ್ಯ. ಈಗಿನ ಹೆಚ್ಚಿನ ದೂರದರ್ಶಕಗಳದ್ದು 1.25 ಅಂಗುಲ, ಅಂದರೆ 31.75 ಮಿ.ಮೀ. ಹಳೆಯ ಕೆಲವು ಮಾದರಿಗಳದ್ದು 0.965 ಅಂಗುಲ (24.5 ಮಿ.ಮೀ.). ಇವುಗಳಿಗೆ ಅಡಾಪ್ಟರ್ ಇಲ್ಲದೆ ಹೊಸ ನೇತ್ರಕ ಹೊಂದದು.

ನಿಲುವು ಮತ್ತು ಹುಡುಕುನೋಟ

ಸಣ್ಣ ದೂರದರ್ಶಕದ ದುರ್ಬಲ ಅಂಗ ಟ್ರೈಪಾಡ್. ಮುಟ್ಟಿದೊಡನೆ ಬಿಂಬ ಕುಣಿಯುತ್ತಿದ್ದರೆ ಎಷ್ಟೇ ಬೆಲೆಬಾಳುವ ನೇತ್ರಕವೂ ವ್ಯರ್ಥ. ಇದಕ್ಕೆ ಮೊದಲ ಪರಿಹಾರ ಖರ್ಚಿಲ್ಲದ್ದು: ಕಾಲುಗಳನ್ನು ಪೂರ್ತಿ ಎಳೆಯದೆ ಕುಳಿತು ನೋಡುವುದು, ನಡುವಿನ ತಟ್ಟೆಗೆ ಮರಳಿನ ಚೀಲ ಅಥವಾ ನೀರು ತುಂಬಿದ ಬಾಟಲಿ ತೂಗುಹಾಕುವುದು.

ಆಕಾಶಕಾಯವನ್ನು ಹುಡುಕಲು ನೆರವಾಗುವ ಪುಟ್ಟ ಫೈಂಡರ್ ಮಂಕಾಗಿದ್ದರೆ ರೆಡ್ ಡಾಟ್ ಫೈಂಡರ್ ಹಾಕಿಸಬಹುದು. ಅದು ವರ್ಧಿಸುವುದಿಲ್ಲ, ಆಕಾಶದ ಮೇಲೆ ಕೆಂಪು ಚುಕ್ಕಿ ತೋರಿಸುತ್ತದೆ. ಹಗಲಿನಲ್ಲಿ ದೂರದ ಕಂಬದ ತುದಿಯೊಂದಕ್ಕೆ ಗುರಿಯಿಟ್ಟು ದೂರದರ್ಶಕದೊಂದಿಗೆ ಹೊಂದಿಸಿಕೊಂಡರೆ ರಾತ್ರಿ ಪರದಾಟ ತಪ್ಪುತ್ತದೆ.

ಸೂರ್ಯನ ವಿಷಯದಲ್ಲಿ ರಾಜಿ ಸಲ್ಲದು

70 ಮಿ.ಮೀ. ಮಸೂರ, 7 ಮಿ.ಮೀ.ವರೆಗೆ ಹಿಗ್ಗಿದ ಕಣ್ಣಿನ ಪಾಪೆಗಿಂತ ನೂರು ಪಟ್ಟು ಬೆಳಕು ಸಂಗ್ರಹಿಸುತ್ತದೆ. ರಕ್ಷಣೆಯಿಲ್ಲದೆ ಅದರ ಮೂಲಕ ಸೂರ್ಯನನ್ನು ಕ್ಷಣಮಾತ್ರ ನೋಡಿದರೂ ದೃಷ್ಟಿಗೆ ಶಾಶ್ವತ ಹಾನಿ ಸಂಭವಿಸಬಹುದು. ಕೆಲವು ಪೆಟ್ಟಿಗೆಗಳಲ್ಲಿ ನೇತ್ರಕಕ್ಕೆ ತಿರುಗಿಸಿ ಹಾಕುವ ಕಪ್ಪು ಸೌರಶೋಧಕ ಇರುತ್ತದೆ. ಕೇಂದ್ರೀಕೃತ ತಾಪಕ್ಕೆ ಅದು ಏಕಾಏಕಿ ಸೀಳಬಹುದು. ಅದನ್ನು ಎಸೆದುಬಿಡುವುದೇ ಲೇಸು. ಸೌರಶೋಧಕ ಇರಬೇಕಾದುದು ದೂರದರ್ಶಕದ ಮುಂಭಾಗದಲ್ಲಿ, ಬೆಳಕು ಒಳಸೇರುವ ಮೊದಲೇ. ಅದು ಗಾಳಿಗೆ ಕಳಚದಂತೆ ಭದ್ರವಾಗಿರಬೇಕು, ಅದರಲ್ಲಿ ತೂತು ಅಥವಾ ಗೀರು ಇರಕೂಡದು, ಫೈಂಡರ್ ಅನ್ನೂ ಮುಚ್ಚಿರಬೇಕು. ಗ್ರಹಣ ನೋಡುವ ಕನ್ನಡಕ ಧರಿಸಿ ದೂರದರ್ಶಕದಲ್ಲಿ ಇಣುಕುವುದೂ ಅಷ್ಟೇ ಅಪಾಯಕರ. 2019ರ ಡಿಸೆಂಬರ್ 26ರಂದು ಮಂಗಳೂರು ಹಾಗೂ ಕೊಡಗಿನ ಕೆಲಭಾಗಗಳಲ್ಲಿ ಕಂಡಂತಹ ಕಂಕಣ ಗ್ರಹಣದಲ್ಲಿ, ಉಂಗುರ ಪೂರ್ಣಗೊಂಡ ಕ್ಷಣದಲ್ಲೂ ಈ ಶೋಧಕ ತೆಗೆಯುವಂತಿಲ್ಲ.

ಕಾಯಬಹುದಾದ ವಸ್ತುಗಳು

ಚಂದ್ರನ ಬೆಳಕು ಕಣ್ಣು ಕುಕ್ಕಿದರೂ ಹಾನಿ ಮಾಡದು. ಆದ್ದರಿಂದ ಚಂದ್ರಶೋಧಕ ಅನಿವಾರ್ಯವಲ್ಲ. ಬಣ್ಣದ ಶೋಧಕಗಳು ಸಣ್ಣ ದೂರದರ್ಶಕದ ಅಲ್ಪ ಬೆಳಕನ್ನೂ ಕಸಿಯುತ್ತವೆ. ನಗರದ ಬೆಳಕು ತಡೆಯುವ ಶೋಧಕಗಳು ಸೋಡಿಯಂ ದೀಪಗಳ ಕಾಲದಲ್ಲಿ ಉಪಯುಕ್ತವಾಗಿದ್ದವು. ಎಲ್ಲ ಬಣ್ಣಗಳಲ್ಲೂ ಹರಡುವ ಎಲ್‌ಇಡಿ ಬೆಳಕಿನ ಮುಂದೆ ಅವುಗಳ ಆಟ ಅಷ್ಟಾಗಿ ನಡೆಯದು. ಆ ಹಣದಲ್ಲಿ ಊರ ಹೊರಗಿನ ಕತ್ತಲ ಬಯಲಿಗೆ ಹೋಗಿಬರುವುದು ಮೇಲು. ಚಂದ್ರನ ಚಿತ್ರ ತೆಗೆಯಲು ಮೊಬೈಲ್ ಹಿಡಿದಿಡುವ ಅಡಾಪ್ಟರ್ ಸಾಕು. ಟಾರ್ಚಿಗೆ ಕೆಂಪು ಗಾಜುಕಾಗದ ಸುತ್ತಿಕೊಂಡರೆ, ಕತ್ತಲಿಗೆ ಹೊಂದಿಕೊಳ್ಳಲು ಅರ್ಧ ಗಂಟೆ ಹಿಡಿಯುವ ಕಣ್ಣಿನ ಶಕ್ತಿ ಉಳಿಯುತ್ತದೆ.

ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಮಸೂರಗಳಿಗೆ ಬೂಷ್ಟು ಹಿಡಿಯುವ ಭಯವಿರುವುದರಿಂದ ನೇತ್ರಕಗಳನ್ನು ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಬಿಗಿಮುಚ್ಚಳದ ಡಬ್ಬಿಯಲ್ಲಿಡಬೇಕು. ಧೂಳನ್ನು ಬಟ್ಟೆಯಿಂದ ಉಜ್ಜದೆ ಗಾಳಿ ಊದುವ ರಬ್ಬರ್ ಬಲ್ಬ್‌ನಿಂದ ತೆಗೆಯಬೇಕು.

ಹೀಗಾಗಿ ಖರೀದಿಯ ಕ್ರಮ ಸರಳ: ಮೊದಲು ಟ್ರೈಪಾಡ್ ಗಟ್ಟಿಮಾಡುವುದು, ಬಳಿಕ 25 ಮಿ.ಮೀ. ಪ್ಲೋಸಲ್, ನಂತರ 10 ಮಿ.ಮೀ., ಆಮೇಲೆ ಫೈಂಡರ್, ಕೊನೆಗೆ ಬಾರ್ಲೋ. ಸೂರ್ಯನನ್ನು ನೋಡುವ ಉದ್ದೇಶವಿದ್ದರೆ ಮಾತ್ರ ಮುಂಭಾಗದ ಸೌರಶೋಧಕ ಇವೆಲ್ಲಕ್ಕಿಂತ ಮೊದಲು.