ಬೇಟೆ ಬೂಟು

ಚಳಿನಾಡಿನ ಬೇಟೆಗಾರರು ತೊಡುವ, ನೀರು ಒಳಗಿಳಿಯದ, ಕಾಲನ್ನು ಬೆಚ್ಚಗಿಡುವ ಎತ್ತರದ ಪಾದರಕ್ಷೆ. ಉತ್ತರ ಅಮೆರಿಕ, ಸ್ಕ್ಯಾಂಡಿನೇವಿಯಗಳಲ್ಲಿ ಜಿಂಕೆ, ಮೂಸ್, ಬಾತುಗಳ ಬೇಟೆ ಹೆಚ್ಚಾಗಿ ಕೆಸರು ಮತ್ತು ಹಿಮದ ದಿನಗಳಲ್ಲೇ ನಡೆಯುತ್ತದೆ. ಅಲ್ಲಿ ಬೂಟು ತಡೆದುಕೊಳ್ಳಬೇಕಾದ ನೀರು ಎರಡು ಬಗೆಯದು: ಹೊರಗಿನ ಜೌಗಿನದು, ಒಳಗಿನ ಬೆವರಿನದು. ಮೊದಲನೆಯದಕ್ಕೆ ರಬ್ಬರು ಸಾಕು. ಕಾಡುವುದು ಎರಡನೆಯದು.

ಉತ್ತರಧ್ರುವ ಪ್ರದೇಶದ ಇನ್ಯೂಯಿಟ್ ಹೆಂಗಸರು ಈ ಎರಡೂ ಬಗೆಯ ನೀರಿನ ಕಾಟವನ್ನು ಬಹಳ ಹಿಂದೆಯೇ ಅರಿತಿದ್ದರು. ಸೀಲ್ ತೊಗಲಿನ 'ಕಾಮಿಕ್' ಬೂಟುಗಳನ್ನು ಹೊಲಿಯುವಾಗ ಸೂಜಿ ತೊಗಲನ್ನು ಪೂರ್ತಿ ತೂರಿ ಹೋಗದಂತೆ ನೋಡಿಕೊಳ್ಳುತ್ತಿದ್ದರು. ಪ್ರಾಣಿಯ ಸ್ನಾಯುರಜ್ಜುವಿನಿಂದ ಮಾಡಿದ ನೂಲು ಒದ್ದೆಯಾದಾಗ ಉಬ್ಬಿ ರಂಧ್ರವನ್ನು ಮುಚ್ಚುತ್ತಿತ್ತು. ಒಳಗಿನ ತುಪ್ಪಳದ ಕಾಲುಚೀಲವನ್ನು ಬೇರೆಯಾಗಿ ತೆಗೆದು ಒಣಗಿಸಬಹುದಿತ್ತು.

ಅಮೆರಿಕದ ಮೇನ್ ರಾಜ್ಯದ ಲಿಯಾನ್ ಲಿಯಾನ್‌ವುಡ್ ಬೀನ್, ಬೇಟೆಯಲ್ಲಿ ಕಾಲು ತೊಯ್ದು ಬೇಸತ್ತು, ರಬ್ಬರಿನ ತಳಕ್ಕೆ ತೊಗಲಿನ ಮೇಲ್ಭಾಗ ಹೊಲಿಸಿ 1912ರಲ್ಲಿ ಮಾರಾಟಕ್ಕಿಳಿದರು. ಅವರ ಕಂಪನಿಯೇ ಹೇಳಿಕೊಳ್ಳುವಂತೆ, ಮೊದಲ 100 ಜೊತೆಗಳಲ್ಲಿ 90 ಹೊಲಿಗೆ ಕಿತ್ತು ವಾಪಸಾದವು. ಬೀನ್ ಎಲ್ಲರಿಗೂ ಹಣ ಮರಳಿಸಿ, ಸಾಲ ಮಾಡಿ, ವಿನ್ಯಾಸ ಸುಧಾರಿಸಿದರು. ಆ ಜೋಡಿ ರಚನೆ ಇಂದಿಗೂ ಬಳಕೆಯಲ್ಲಿದೆ.

ಅದರ ಮಿತಿ ಗೊತ್ತಾದದ್ದು ಯುದ್ಧಭೂಮಿಯಲ್ಲಿ. 1950ರ ಚಳಿಗಾಲದಲ್ಲಿ ಕೊರಿಯದ ಚೋಸಿನ್ ಜಲಾಶಯದ ಬಳಿ ಅಮೆರಿಕದ ಸೈನಿಕರು ಇಂಥದೇ ರಬ್ಬರ್ ತಳದ ಬೂಟು ತೊಟ್ಟಿದ್ದರು. ನಡೆಯುವಾಗ ಬಂದ ಬೆವರು, ನಿಂತಾಗ ಬೂಟಿನೊಳಗೇ ಹೆಪ್ಪುಗಟ್ಟುತ್ತಿತ್ತು. ಹಿಮಕಡಿತಕ್ಕೆ ಸಿಕ್ಕವರು ಸಾವಿರಾರು ಮಂದಿ. ಆಮೇಲೆ ಬಂದ ಸೇನಾ ಬೂಟಿನಲ್ಲಿ ಶಾಖರಕ್ಷಕ ಪದರವನ್ನು ಎರಡು ರಬ್ಬರು ಪದರಗಳ ನಡುವೆ ಮುಚ್ಚಿಬಿಟ್ಟರು. ಬೆವರು ಕಾಲುಚೀಲವನ್ನು ತೋಯಿಸಿದರೂ ಆ ಪದರವನ್ನು ಮುಟ್ಟಲಾರದು.

ಹಾಗಾಗಿ ಬೂಟು ಆರಿಸುವಾಗ ಮೊದಲು ಕೇಳಬೇಕಾದದ್ದು 'ಎಷ್ಟು ಚಳಿ' ಎಂದಲ್ಲ, 'ಎಷ್ಟು ನಡಿಗೆ' ಎಂದು. ಥಿನ್ಸುಲೇಟ್‌ನಂಥ ಶಾಖರಕ್ಷಕ ತುಂಬಿಕೆಯ ಮೇಲೆ ನಮೂದಿಸುವ 200, 400, 800 ಗ್ರಾಂ ಎಂಬುದು ಒಂದು ಚದರ ಮೀಟರಿನ ತೂಕವೇ ಹೊರತು ಬೂಟಿನ ತೂಕವಲ್ಲ, ತಾಪಮಾನದ ಭರವಸೆಯೂ ಅಲ್ಲ. ಗುಡ್ಡ ಹತ್ತಿಳಿಯುವವರಿಗೆ 200–400 ಗ್ರಾಂ ಸಾಕು. ಮರದ ಅಟ್ಟಣೆಯಲ್ಲಿ ತಾಸುಗಟ್ಟಲೆ ಅಲುಗಾಡದೆ ಕೂರುವವರಿಗೆ 800 ಅಥವಾ ಅದಕ್ಕೂ ಹೆಚ್ಚು ಬೇಕಾದೀತು. ಜೌಗಿಗೆ ಮೊಣಕಾಲೆತ್ತರದ ರಬ್ಬರು, ಕಲ್ಲುಗುಡ್ಡಕ್ಕೆ ಕಣಕಾಲನ್ನು ಬಿಗಿಯಾಗಿ ಹಿಡಿಯುವ ಲೇಸಿನ ತೊಗಲು. ಬೆವರಿನ ಆವಿಯನ್ನು ಹೊರಬಿಡುವ ಗೋರ್‌ಟೆಕ್ಸ್ ಒಳಪದರ ತೊಗಲು ಬೂಟಿಗೆ ಒಪ್ಪುತ್ತದೆಯಾದರೂ, ಮೇಲೆ ಕೆಸರು ಮೆತ್ತಿಕೊಂಡಾಗ ಅದರ ಕೆಲಸ ಕುಂದುತ್ತದೆ. ಮಾರುವವರು ಇದನ್ನು ಅಷ್ಟಾಗಿ ಹೇಳುವುದಿಲ್ಲ.

ಅಳತೆ ನೋಡುವಾಗ ಬೇಟೆಗೆ ತೊಡುವ ದಪ್ಪ ಉಣ್ಣೆಯ ಕಾಲುಚೀಲವನ್ನೇ ಹಾಕಿಕೊಳ್ಳಬೇಕು, ಹತ್ತಿಯದನ್ನಲ್ಲ. ಬೂಟು ಬಿಗಿಯಾದರೆ ರಕ್ತಸಂಚಾರ ಕುಗ್ಗಿ, ಎಷ್ಟೇ ಗ್ರಾಂ ಇದ್ದರೂ ಬೆರಳು ತಣ್ಣಗಾಗುತ್ತದೆ. ತೆಗೆಯಬಹುದಾದ ಫೆಲ್ಟ್ ಒಳಚೀಲವಿರುವ ಬೂಟಾದರೆ ಇನ್ನೊಂದು ಜೊತೆ ಒಳಚೀಲ ಕೊಳ್ಳುವುದು ಲೇಸು: ಒಂದು ಕಾಲಲ್ಲಿರುವಾಗ ಇನ್ನೊಂದು ಒಣಗುತ್ತದೆ. ಒದ್ದೆ ಬೂಟನ್ನು ಬೆಂಕಿಯ ಪಕ್ಕಕ್ಕಿಟ್ಟರೆ ತೊಗಲು ಬಿರಿದು ಅಂಟು ಬಿಡುತ್ತದೆ. ಒಳಗೆ ಕಾಗದ ತುರುಕಿ ಗಾಳಿಯಾಡುವಲ್ಲಿ ಇಡಬೇಕು.